ಆರ್‌ಎಫ್ ನೆಗೆಟಿವ್ ಬಂದರೂ ರುಮಟಾಯ್ಡ್ ಸಂಧಿವಾತ ಇರಬಹುದೇ?

ಪ್ರಶ್ನೆ:
42 ವರ್ಷದ ನನ್ನ ಅಕ್ಕನಿಗೆ ಮೂರು ತಿಂಗಳಿಂದ ಎರಡೂ ಕೈಗಳ ಬೆರಳ ಬುಡದ ಕೀಲುಗಳು ಮತ್ತು ಮಣಿಕಟ್ಟುಗಳು ಊದಿಕೊಂಡಿವೆ. ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಮುಷ್ಟಿ ಬಿಗಿಯಲು ಆಗುವುದಿಲ್ಲ. ರುಮಟಾಯ್ಡ್ ಫ್ಯಾಕ್ಟರ್ (ಆರ್‌ಎಫ್) ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂದಿದ್ದರೂ ವೈದ್ಯರು ಇದು ರುಮಟಾಯ್ಡ್ ಸಂಧಿವಾತವೇ ಎಂದು ಹೇಳಿ ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದಾರೆ. ಅದು ಕ್ಯಾನ್ಸರಿಗೆ ಕೊಡುವ ಔಷಧವೆಂದು ಕೇಳಿ ಆಕೆ ಮಾತ್ರೆಯನ್ನು ಇನ್ನೂ ಮುಟ್ಟಿಲ್ಲ. ವರದಿಯಲ್ಲಿ ಕಾಣದ ಕಾಯಿಲೆಗೆ ಇಷ್ಟು ತೀಕ್ಷ್ಣವಾದ ಔಷಧ ಬೇಕೇ?

ಉತ್ತರ 1:
ಈ ಕಾಯಿಲೆಯನ್ನು ಒಂದೇ ರಕ್ತಪರೀಕ್ಷೆ ನಿರ್ಧರಿಸುವುದಿಲ್ಲ. ರೋಗನಿರೋಧಕ ವ್ಯವಸ್ಥೆಯು ಕೀಲಿನ ಒಳಪೊರೆಯ ಮೇಲೆಯೇ ದಾಳಿ ಮಾಡುವುದರಿಂದ ಊತ ಉಂಟಾಗುತ್ತದೆ. ಆದರೆ ಹಲವು ರೋಗಿಗಳಲ್ಲಿ ಆರ್‌ಎಫ್ ಆಗಲಿ ಆಂಟಿ-ಸಿಸಿಪಿ (ಈ ಕಾಯಿಲೆಗಾಗಿ ರಕ್ತದಲ್ಲಿ ಹುಡುಕುವ ಇನ್ನೊಂದು ಪ್ರತಿಕಾಯ) ಆಗಲಿ ಕಾಣಿಸುವುದೇ ಇಲ್ಲ, ಆರೋಗ್ಯವಂತರಾದ ಕೆಲವು ವಯಸ್ಸಾದವರಲ್ಲಿ ಆರ್‌ಎಫ್ ಪಾಸಿಟಿವ್ ಬರುವುದೂ ಉಂಟು. 2010ರ ಅಂತರರಾಷ್ಟ್ರೀಯ ಮಾನದಂಡದ 10 ಅಂಕಗಳಲ್ಲಿ 6 ಬಂದರೆ ರುಮಟಾಯ್ಡ್ ಎಂದು ವರ್ಗೀಕರಿಸುತ್ತಾರೆ. ಅದರಲ್ಲಿ ಊದಿದ ಕೀಲುಗಳಿಗೆ 5 ಅಂಕಗಳವರೆಗೂ ಈ ಎರಡು ರಕ್ತಪರೀಕ್ಷೆಗಳಿಗೆ 3 ಅಂಕಗಳವರೆಗೂ ಇವೆ. ಉಳಿದ ಎರಡು ಅಂಕಗಳಲ್ಲಿ ಒಂದು ಆರು ವಾರ ದಾಟಿದ ಅವಧಿಗೆ, ಇನ್ನೊಂದು ಉರಿಯೂತವನ್ನು ಅಳೆಯುವ ರಕ್ತಪರೀಕ್ಷೆಗಳಾದ ಇಎಸ್‌ಆರ್ ಅಥವಾ ಸಿಆರ್‌ಪಿ ಏರಿಕೆಗೆ. ಹಾಗಾಗಿ ವೈದ್ಯರು ಕೈಯಿಂದ ಒತ್ತಿ ನೋಡಿದ ಪರೀಕ್ಷೆಗೇ ಇಲ್ಲಿ ಹೆಚ್ಚು ತೂಕ. ವೈರಾಣು ಸೋಂಕಿನ ನಂತರದ ಕೀಲುನೋವು, ಲೂಪಸ್ (ರೋಗನಿರೋಧಕ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆ ದಾಳಿ ಮಾಡುವ ಕಾಯಿಲೆ), ಸೋರಿಯಾಸಿಸ್ ಸಂಬಂಧಿತ ಸಂಧಿವಾತ ಇವುಗಳನ್ನು ತಳ್ಳಿಹಾಕಲಾಗಿದೆಯೇ ಎಂದು ಮಾತ್ರ ಅವಶ್ಯವಾಗಿ ಕೇಳಿ. ಆರಂಭದಲ್ಲಿ ಎಕ್ಸ್‌-ರೇ ಸರಿಯಾಗಿಯೇ ಇರಬಹುದು; ಮೂಳೆ ಸವೆದದ್ದು ಅದರಲ್ಲಿ ಕಾಣುವವರೆಗೆ ಕಾಯುವುದು ಜಾಣತನವಲ್ಲ, ಏಕೆಂದರೆ ಸವೆದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ.

ಉತ್ತರ 2:
ಮೆಥೊಟ್ರೆಕ್ಸೇಟ್ ಕ್ಯಾನ್ಸರಿಗೆ ಬಳಕೆಯಾಗುವುದು ನಿಜ, ಆದರೆ ಸಂಧಿವಾತಕ್ಕೆ ಕೊಡುವ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ; ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ನಿಜವಾಗಿ ಹೆದರಬೇಕಾದದ್ದು ವಾರದ ಮಾತ್ರೆಯನ್ನು ತಪ್ಪಿ ದಿನವೂ ನುಂಗುವುದಕ್ಕೆ. ಅದು ಪ್ರಾಣಾಪಾಯ ತರಬಲ್ಲದು. ವಾರದ ಒಂದು ದಿನವನ್ನು ಗೊತ್ತುಮಾಡಿ ಚೀಟಿಯಲ್ಲಿ ಬರೆಸಿಕೊಳ್ಳಿ. ಜೊತೆಗೆ ಫೋಲಿಕ್ ಆಮ್ಲ ಕೊಡುತ್ತಾರೆ, ರಕ್ತಕಣಗಳನ್ನೂ ಯಕೃತ್ತನ್ನೂ ಆಗಾಗ ಪರೀಕ್ಷಿಸುತ್ತಾರೆ. ಗರ್ಭಿಣಿಯರು ಇದನ್ನು ಸೇವಿಸಲೇಬಾರದು, ಮದ್ಯವನ್ನು ದೂರವಿಡುವುದು ಒಳಿತು. ಗುಣ ಕಾಣಲು 6ರಿಂದ 12 ವಾರ ಹಿಡಿಯುವುದರಿಂದ ಆ ನಡುವೆ ಅಲ್ಪ ಪ್ರಮಾಣದ ಸ್ಟೀರಾಯ್ಡ್ ಕೊಡುವುದುಂಟು. ಬರೀ ನೋವಿನ ಮಾತ್ರೆ ನುಂಗುತ್ತಿದ್ದರೆ ನೋವು ಅಡಗುತ್ತದೆಯೇ ಹೊರತು ಕೀಲಿನ ಹಾನಿ ನಿಲ್ಲುವುದಿಲ್ಲ.

ಉತ್ತರ 3:
ಮೆಥೊಟ್ರೆಕ್ಸೇಟ್ ಒಗ್ಗದಿದ್ದರೆ ಸಲ್ಫಾಸಲಜೀನ್, ಲೆಫ್ಲುನೊಮೈಡ್ ಎಂಬ ಬೇರೆ ಮಾತ್ರೆಗಳಿವೆ. ಸಾಲದಿದ್ದರೆ ಜೈವಿಕ ಔಷಧಗಳೂ (ಜೀವಕೋಶಗಳಿಂದ ತಯಾರಿಸಿದ, ರೋಗನಿರೋಧಕ ವ್ಯವಸ್ಥೆಯ ನಿರ್ದಿಷ್ಟ ಭಾಗವನ್ನು ತಡೆಯುವ ಔಷಧಗಳು) ಇವೆ. ಜೈವಿಕ ಔಷಧ ಆರಂಭಿಸುವ ಮುನ್ನ ಸುಪ್ತ (ಲಕ್ಷಣ ತೋರದೆ ದೇಹದಲ್ಲಿ ಅಡಗಿರುವ) ಕ್ಷಯರೋಗ ಇದೆಯೇ ಎಂದು ನೋಡಲೇಬೇಕು. ನಿಮ್ಮ ಅಕ್ಕ ಧೂಮಪಾನಿಯಾಗಿದ್ದರೆ ಅದನ್ನು ಬಿಡುವಂತೆ ಹೇಳಿ, ಧೂಮಪಾನವು ಈ ಕಾಯಿಲೆಯನ್ನು ಉಲ್ಬಣಗೊಳಿಸುತ್ತದೆ. ಸಂಶಯ ಉಳಿದಿದ್ದರೆ ಮಾತ್ರೆಯನ್ನು ಸುಮ್ಮನೆ ಪೆಟ್ಟಿಗೆಯಲ್ಲಿಡುವ ಬದಲು ಈ ವಾರವೇ ಮತ್ತೊಬ್ಬ ಸಂಧಿವಾತ ತಜ್ಞರಿಗೆ ಎಲ್ಲ ವರದಿಗಳನ್ನೂ ತೋರಿಸಿ.