ಕಿಟಕಿ ಪಟ್ಟಿ ಗೋಡೆಗೆ ಸರಿಯಾಗಿ ಕೂರುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ನಮ್ಮ ಹಳೇ ಮನೆಯ ರಿಪೇರಿ ನಡೆಯುತ್ತಿದೆ. ಜಂಬಿಟ್ಟಿಗೆ ಗೋಡೆ, ಹಲಸಿನ ಮರದ ಕಿಟಕಿ ಚೌಕಟ್ಟು. ಹೊಸದಾಗಿ ಗಾರೆ ಮಾಡಿಸಿದ ಮೇಲೆ ಎರಡೂ ಒಂದೇ ಮಟ್ಟದಲ್ಲಿಲ್ಲ. ಮೇಲೆ ಎಡ ಮೂಲೆಯಲ್ಲಿ ಗೋಡೆ ಚೌಕಟ್ಟಿಗಿಂತ ಸುಮಾರು 8 ಮಿ.ಮೀ. ಮುಂದಿದೆ. ಕೆಳಗೆ ಬಲಕ್ಕೆ ಬಂದರೆ ಉಲ್ಟಾ, ಚೌಕಟ್ಟೇ 4 ಮಿ.ಮೀ. ಹೊರಗಿದೆ.

ಸಂದು ಮುಚ್ಚಲು ಸುತ್ತ 3 ಇಂಚು ಅಗಲದ ಸಾಗವಾನಿ ಪಟ್ಟಿ ಹೊಡೆಯಬೇಕು. ಎಡ ಮೂಲೆಯಲ್ಲಿ ಇಟ್ಟು ನೋಡಿದರೆ ಪಟ್ಟಿ ಒಳಕ್ಕೆ ವಾಲುತ್ತದೆ. 45 ಡಿಗ್ರಿಗೆ ಕೊಯ್ದ ಜೋಡಣೆ ಹೊರ ತುದಿಯಲ್ಲಿ ಕೂಡುತ್ತದೆ, ಒಳ ತುದಿಯಲ್ಲಿ ಎಟಿಎಂ ಕಾರ್ಡ್ ತೂರುವಷ್ಟು ಬಾಯಿ ಬಿಡುತ್ತದೆ. ಬಡಗಿ "ಪುಟ್ಟಿ ತುಂಬಿದ್ರೆ ಆಯ್ತು ಬಿಡಿ" ಅಂತಾರೆ. ಪೇಂಟ್ ಆಗಿದ್ದರೆ ಸರಿ, ಇದು ಪಾಲಿಶ್ ಮಾಡುವ ಮರ. ಎದ್ದು ಕಾಣುತ್ತೆ ಅಲ್ವಾ?

ನನಗೆ ತೋಚಿದ್ದು: ಗೋಡೆ ಮುಂದಿರುವ ಕಡೆ ಪಟ್ಟಿಯ ಕೆಳಗೆ ಅಡಗುವಷ್ಟು ಗಾರೆಯನ್ನು ಮಾತ್ರ ಉಳಿಯಿಂದ ಕೆತ್ತುವುದು. ಇಲ್ಲವೇ 8 ಮಿ.ಮೀ.ನಿಂದ ಸೊನ್ನೆಗೆ ಇಳಿಯುವ ಹಾಗೆ ಕೀಸಿದ ತೆಳು ರೀಪನ್ನು ಚೌಕಟ್ಟಿಗೆ ಅಂಟಿಸುವುದು. ಕೆತ್ತಿದರೆ ಹೊಸ ಗಾರೆ ಪಟ್ಟಿಯಾಚೆಗೂ ಬಿರುಕು ಬಿಡುತ್ತಾ? ಚೌಕಟ್ಟು ಹೊರಗಿರುವ ಕಡೆ ಪಟ್ಟಿಯ ಬೆನ್ನನ್ನು ಕೊರೆದು ಕೂರಿಸಬಹುದಾ?

ಇನ್ನೊಂದು. ನಮ್ಮಲ್ಲಿ ಮಳೆಗಾಲಕ್ಕೆ ಮರ ಉಬ್ಬುವುದು ಜಾಸ್ತಿ. 45 ಡಿಗ್ರಿ ಬಿಟ್ಟು, ಮೇಲಿನ ಪಟ್ಟಿಯನ್ನು ನೇರವಾಗಿ ಪಕ್ಕದವುಗಳ ತಲೆ ಮೇಲೆ ಕೂರಿಸಿದರೆ ವಾಸಿನಾ?

ಇನ್ನೂ ಮೊಳೆ ಹೊಡೆದಿಲ್ಲ. ಸೋಮವಾರ ಬಡಗಿ ಬರುತ್ತಾರೆ, ಅಷ್ಟರೊಳಗೆ ಗೊತ್ತಿದ್ದವರು ದಯವಿಟ್ಟು ಹೇಳಿ.