ಬಂದ್ ಮಾಡಿದ ಮೇಲೂ ಉಳಿಯುವ ಡಿಸಿ ವೋಲ್ಟೇಜ್: ರೆಸಿಸ್ಟರ್ ಎಲ್ಲಿ ಹಾಕಬೇಕು?

ಪ್ರಶ್ನೆ (ಪ್ರಯೋಗಾಲಯ ಸಹಾಯಕ, ಗದಗ)

ನಮಸ್ಕಾರ. ನಮ್ಮ ಡಿಸಿ ಮೋಟಾರು ಪ್ರಯೋಗಾಲಯದಲ್ಲಿ ಎಸಿಯನ್ನು ಡಿಸಿಗೆ ಬದಲಿಸಿ 220 ವೋಲ್ಟ್ ಕೊಡುವ ಹಳೆಯ ರೆಕ್ಟಿಫೈಯರ್ ಯೂನಿಟ್ ಇದ್ದು, ಅದರಲ್ಲಿ 2,200 ಮೈಕ್ರೋಫ್ಯಾರಡ್‌ನ ಫಿಲ್ಟರ್ ಕೆಪಾಸಿಟರ್ (ವೋಲ್ಟೇಜಿನ ಏರಿಳಿತ ತಗ್ಗಿಸಲು ವಿದ್ಯುತ್ತನ್ನು ಹಿಡಿದಿಡುವ ಭಾಗ) ಇದೆ. ಲೋಡ್ ತೆಗೆದು ಮೇನ್ಸ್ ಬಂದ್ ಮಾಡಿದರೂ ಔಟ್‌ಪುಟ್‌ನಲ್ಲಿ ಬಹಳ ಹೊತ್ತು ವೋಲ್ಟೇಜ್ ನಿಂತಿರುತ್ತದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ರೂಢಿ ಇಲ್ಲಿ ಮೊದಲಿನಿಂದಲೂ ಇದೆ. ಅದರ ತುದಿಯ ತುಂಬ ಕರಗಿದ ಗುಳಿಗಳು. ಔಟ್‌ಪುಟ್ ಟರ್ಮಿನಲ್‌ಗಳಿಗೆ ಒಂದು ರೆಸಿಸ್ಟರ್ ಜೋಡಿಸಿದರೆ ಸಾಕೇ? ಎಷ್ಟು ಓಮ್ ಇರಬೇಕು?

ಉತ್ತರ (ರೆಕ್ಟಿಫೈಯರ್ ದುರಸ್ತಿಗಾರ, ಗೋಕುಲ ರಸ್ತೆ, ಹುಬ್ಬಳ್ಳಿ)

ಆ ಕೆಪಾಸಿಟರಿನಲ್ಲಿ ಸುಮಾರು 53 ಜೌಲ್ ಶಕ್ತಿ ಇರುತ್ತದೆ. ಶಾರ್ಟ್ ಮಾಡಿದಾಗ ಅದೆಲ್ಲ ಒಂದೇ ಕ್ಷಣದಲ್ಲಿ ಹೊರಬಿದ್ದು ಸ್ಕ್ರೂಡ್ರೈವರಿನ ಜೊತೆಗೆ ಕೆಪಾಸಿಟರಿನ ಒಳಗಿನ ಜೋಡಣೆಯನ್ನೂ ಕೆಡಿಸಬಲ್ಲದು, ಆದ್ದರಿಂದ ಆ ರೂಢಿಯನ್ನು ಇಂದೇ ಬಿಡಿ.

ರೆಸಿಸ್ಟರ್ ಹಾಕುವುದು ಸರಿ, ಆದರೆ ಔಟ್‌ಪುಟ್ ಟರ್ಮಿನಲ್‌ಗಳಿಗೆ ಬೇಡ. ಕೆಪಾಸಿಟರ್ ಮತ್ತು ಔಟ್‌ಪುಟ್ ನಡುವೆ ಫ್ಯೂಸ್ ಇರುತ್ತದೆ. ಅದು ಹಾರಿದರೆ ಮುಂಭಾಗದ ಮೀಟರ್ ಸೊನ್ನೆ ತೋರಿಸುತ್ತದೆ, ಒಳಗೆ ಮಾತ್ರ 220 ವೋಲ್ಟ್ ಹಾಗೆಯೇ ಕುಳಿತಿರುತ್ತದೆ. ಫ್ಯೂಸ್ ಬದಲಿಸಲು ಮುಚ್ಚಳ ತೆಗೆಯುವವರು ನಂಬುವುದು ಆ ಮೀಟರನ್ನೇ. ಹಾಗಾಗಿ 10 ಕಿಲೋಓಮ್, 5 ವ್ಯಾಟಿನ ಎರಡು ವೈರ್‌ವೌಂಡ್ (ತಂತಿ ಸುತ್ತಿದ) ರೆಸಿಸ್ಟರುಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ನೇರವಾಗಿ ಕೆಪಾಸಿಟರಿನ ಸ್ಕ್ರೂಗಳಿಗೇ ಬಿಗಿಯಿರಿ. ಚಾಲೂ ಇರುವಾಗ ಎರಡೂ ಸೇರಿ 2.4 ವ್ಯಾಟ್‌ನಷ್ಟು ಬಿಸಿಯಾಗುತ್ತವೆ. ಬಂದ್ ಮಾಡಿದ ಸುಮಾರು 65 ಸೆಕೆಂಡಿನಲ್ಲಿ ವೋಲ್ಟೇಜ್ 50ಕ್ಕೆ ಇಳಿಯುತ್ತದೆ.

ಉತ್ತರ (ಮೋಟಾರು ವೈಂಡಿಂಗ್, ಹಾವೇರಿ)

ನಮ್ಮಲ್ಲಿ ಹೋಲ್ಡರಿಗೆ ಹಾಕಿದ 60 ವ್ಯಾಟಿನ ಹಳೆಯ ತಂತಿಯ ಬಲ್ಬನ್ನು ಕೆಪಾಸಿಟರ್ ಖಾಲಿ ಮಾಡಲು ಬಳಸುತ್ತೇವೆ. ಅದು ಹೊತ್ತಿ ಮಂಕಾಗುವುದು ಕಣ್ಣಿಗೆ ಕಾಣುತ್ತದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು, ಏಕೆಂದರೆ ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದೊಡನೆ ಅದರ ಡ್ರೈವರ್ ನಿಂತುಹೋಗಿ ಉಳಿದದ್ದು ಒಳಗೇ ಉಳಿಯುತ್ತದೆ. ತಂತಿಯ ಬಲ್ಬಿನಲ್ಲೂ ತಂತಿ ಕಡಿದಿದ್ದರೆ ಏನೂ ಹೊತ್ತುವುದಿಲ್ಲ, ನೋಡಿದವರು ಖಾಲಿಯಾಗಿದೆ ಎಂದುಕೊಳ್ಳುತ್ತಾರೆ. ಹೀಗಾಗಿ ಗೊತ್ತಿರುವ ಡಿಸಿ ಮೂಲದ ಮೇಲೆ ಮೊದಲು ಮೀಟರನ್ನು ಪರೀಕ್ಷಿಸಿ, ಕೆಪಾಸಿಟರನ್ನು ಅಳೆದು, ಪುನಃ ಅದೇ ಮೂಲದ ಮೇಲೆ ಮೀಟರ್ ಸರಿಯಿದೆಯೇ ಎಂದು ನೋಡಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮಕ್ಕಳು 65 ಸೆಕೆಂಡ್ ಕಾಯುವವರಲ್ಲ. ಮೇನ್ಸ್ ಹೋದೊಡನೆ 470 ಓಮ್ ರೆಸಿಸ್ಟರನ್ನು ಜೋಡಿಸುವಂತೆ ಒಂದು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಕಬಹುದೇ?

ಉತ್ತರ (ಗೋಕುಲ ರಸ್ತೆ, ಹುಬ್ಬಳ್ಳಿ)

ಹಾಕಬಹುದು ಸರ್, 50 ವ್ಯಾಟಿನ ಅಲ್ಯೂಮಿನಿಯಂ ಕವಚದ ರೆಸಿಸ್ಟರ್ ಇದ್ದರೆ ಐದು ಸೆಕೆಂಡಿನಲ್ಲಿ ವೋಲ್ಟೇಜ್ 2ಕ್ಕಿಂತ ಕೆಳಗಿಳಿಯುತ್ತದೆ. ತೊಡಕಿರುವುದು ರಿಲೇಯಲ್ಲಿ. ಅಂಗಡಿಯಲ್ಲಿ ಸಿಗುವ ಸಣ್ಣ ರಿಲೇಯ ಮೇಲೆ ಬರೆದಿರುವ 250 ವೋಲ್ಟ್ ಮಿತಿ ಎಸಿಗೆ ಸಂಬಂಧಿಸಿದ್ದು. ಡಿಸಿಯಲ್ಲಿ ಅದೇ ಕಾಂಟ್ಯಾಕ್ಟಿಗೆ (ಒಳಗೆ ಕೂಡಿ ಬಿಡುವ ಲೋಹದ ತುದಿಗಳಿಗೆ) ಸಾಮಾನ್ಯವಾಗಿ 30 ವೋಲ್ಟ್ ಮಾತ್ರ. ಕರೆಂಟ್ ಹೋಗಿ ತಕ್ಷಣ ಬಂದರೆ ಡಿಸ್‌ಚಾರ್ಜ್ ನಡೆಯುತ್ತಿರುವಾಗಲೇ ಕಾಂಟ್ಯಾಕ್ಟ್ ಬಿಡುತ್ತದೆ, ಆಗ ಎದ್ದ ಡಿಸಿ ಕಿಡಿ ಎಸಿಯ ಕಿಡಿಯಂತೆ ಬೇಗ ಆರುವುದಿಲ್ಲ. ಕಾಂಟ್ಯಾಕ್ಟ್ ಅಂಟಿಕೊಂಡರೆ ಆ ರೆಸಿಸ್ಟರ್ ಚಾಲೂ ಇದ್ದಷ್ಟು ಹೊತ್ತೂ 100 ವ್ಯಾಟಿಗಿಂತ ಹೆಚ್ಚು ಎಳೆದು ಸುಟ್ಟುಹೋಗುತ್ತದೆ. ಡೇಟಾಶೀಟಿನಲ್ಲಿ 220 ವೋಲ್ಟ್ ಡಿಸಿಗೆ ಅರ್ಧ ಆಂಪಿಯರ್ ಕರೆಂಟನ್ನು ಕಡಿಯಬಲ್ಲದು ಎಂದು ಸ್ಪಷ್ಟವಾಗಿ ಬರೆದಿರುವ ಕಾಂಟ್ಯಾಕ್ಟರನ್ನೇ (ಹೆಚ್ಚು ಗಟ್ಟಿಯಾದ ರಿಲೇಯನ್ನೇ) ಕೊಳ್ಳಿ.

ಅದನ್ನು ಹಾಕಿದರೂ ಮೊದಲು ಹೇಳಿದ ಎರಡು ರೆಸಿಸ್ಟರುಗಳು ಕೆಪಾಸಿಟರಿನ ಮೇಲೆ ಇರಲೇಬೇಕು. ಒಳಗೆ ಕೈ ಹಾಕುವ ಕೆಲಸವಿದ್ದರೆ, ಮೀಟರ್ ಸೊನ್ನೆ ತೋರಿಸಿದ ಮೇಲೆ ಎರಡು ಟರ್ಮಿನಲ್‌ಗಳ ನಡುವೆ ಒಂದು ಕ್ಲಿಪ್ ವೈರ್ ಕಟ್ಟಿಟ್ಟೇ ಕೆಲಸ ಮುಗಿಸಿ, ಏಕೆಂದರೆ ಖಾಲಿ ಮಾಡಿದ ಇಂಥ ಎಲೆಕ್ಟ್ರೋಲೈಟಿಕ್ ಕೆಪಾಸಿಟರನ್ನು ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಮತ್ತೆ ಒಂದಿಷ್ಟು ವೋಲ್ಟೇಜ್ ಪಡೆದುಕೊಳ್ಳುತ್ತದೆ.