ಟೆಕ್ಸಾಸಿನ ಕ್ರೈಸ್ತ ಶಾಲೆಗೆ ಮಕ್ಕಳನ್ನು ಸೇರಿಸುವ ಮುನ್ನ

ಗುಂಪಿನ ಬಂಧುಗಳೆಲ್ಲರಿಗೂ ನಮಸ್ಕಾರ. ಡಲ್ಲಾಸ್ ಬಳಿಯ ಫ್ರಿಸ್ಕೊ ಕಡೆಗೆ ಹೊಸದಾಗಿ ಬಂದಿರುವ ಸದಸ್ಯರೊಬ್ಬರು, ಮನೆಯ ಸಮೀಪದ ಖಾಸಗಿ ಕ್ರೈಸ್ತ ಶಾಲೆಗೆ ಮಗಳನ್ನು ಸೇರಿಸಬಹುದೇ, ನಮ್ಮಂಥ ಮನೆಯ ಮಗು ಅಲ್ಲಿ ಹೊಂದಿಕೊಳ್ಳುವುದೇ ಎಂದು ಕೇಳಿದ್ದಾರೆ. ಬಂದ ಉತ್ತರಗಳೆಲ್ಲ ಹೆಚ್ಚಾಗಿ ತರಗತಿಯಲ್ಲಿ ಎಷ್ಟು ಮಕ್ಕಳಿರುತ್ತಾರೆ, ಶುಲ್ಕ ಎಷ್ಟು, ಗಣಿತ ಹೇಗೆ ಕಲಿಸುತ್ತಾರೆ ಎಂಬುದರ ಸುತ್ತಲೇ ಇವೆ. ನಮ್ಮ ಮಗಳು ಡಲ್ಲಾಸ್‌ನ ಉತ್ತರಕ್ಕಿರುವ ಇಂಥದೇ ಒಂದು ಶಾಲೆಯಲ್ಲಿ ಕೆಲವು ವರ್ಷಗಳಿಂದ ಓದುತ್ತಿರುವುದರಿಂದ, ಆ ಉತ್ತರಗಳಲ್ಲಿ ಬಾರದೆ ಉಳಿದ ವಿಷಯವನ್ನು ಬರೆಯಬೇಕೆನಿಸಿತು. ಇಂಥ ಶಾಲೆಯ ಪ್ರಾರ್ಥನೆ, ಹಬ್ಬ, ಸೇವಾಕಾರ್ಯ, ವಾರದ ಸುದ್ದಿಪತ್ರಗಳನ್ನು ಪಾಠದ ಜೊತೆಗಿನ ಅಲಂಕಾರವೆಂದು ನಾವು ಭಾವಿಸಬಾರದು. ಅವರು ಶಾಲೆಯನ್ನು ಕಟ್ಟಿರುವುದೇ ಅವುಗಳಿಗಾಗಿ, ಮತ್ತು ಮಗುವಿನ ದಿನ ರೂಪುಗೊಳ್ಳುವುದು ಅವುಗಳಿಂದಲೇ.

ನಮ್ಮಲ್ಲಿ ಅನೇಕರಿಗೆ ಊರಿನ ಕಾನ್ವೆಂಟಿನ ನೆನಪಿದೆ. ಮಂಗಳೂರಿನ ಸಂತ ಅಲೋಶಿಯಸ್ 1880ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ 1865ರಲ್ಲಿ ಆರಂಭವಾದವು; ಇಂದು ಎಲ್ಲ ಜಾತಿಮತಗಳ ಮಕ್ಕಳೂ ಅಲ್ಲಿ ಓದುತ್ತಾರೆ. ನಾನು ಓದಿದ ಶಾಲೆಯಲ್ಲಿ ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶದ ತರಗತಿಗೆ ಎದ್ದು ಹೋದರೆ ಉಳಿದವರಿಗೆ ನೀತಿಪಾಠ ನಡೆಯುತ್ತಿತ್ತು. ಸಿಸ್ಟರ್‌ಗಳು ನಮ್ಮ ಹಣೆಯ ಕುಂಕುಮದ ಬಗ್ಗೆ ಒಂದು ಮಾತನ್ನೂ ಆಡಿದವರಲ್ಲ. ಅದೇ ಭರವಸೆಯನ್ನು ಇಟ್ಟುಕೊಂಡು ಇಲ್ಲಿನ ಶಾಲೆಯ ಬಾಗಿಲಿಗೆ ಬಂದರೆ ಗೊಂದಲವಾಗುತ್ತದೆ. ಕರ್ನಾಟಕದ ಕಾನ್ವೆಂಟು ಬಹುಪಾಲು ಅನ್ಯಧರ್ಮೀಯರ ಮಕ್ಕಳನ್ನೇ ಓದಿಸುವ ಸಂಸ್ಥೆಯಾಗಿ ಬೆಳೆಯಿತು. ಟೆಕ್ಸಾಸಿನ ಕ್ರೈಸ್ತ ಶಾಲೆಗಳಲ್ಲಿ ಹೆಚ್ಚಿನವು, ತಮ್ಮ ಮಕ್ಕಳು ತಮ್ಮ ನಂಬಿಕೆಯಲ್ಲೇ ಬೆಳೆಯಲಿ ಎಂದು ಬಯಸಿದ ತಂದೆತಾಯಿಗಳು ಮತ್ತು ಚರ್ಚುಗಳು ಸೇರಿ ಕಟ್ಟಿಕೊಂಡಂಥವು. ಹಾಗಾಗಿ ಅಲ್ಲಿ ಬೈಬಲ್ ಎಲ್ಲರಿಗೂ ಕಡ್ಡಾಯ ವಿಷಯ, ಅದಕ್ಕೆ ಅಂಕವೂ ಉಂಟು.

ಎಲ್ಲ ಕ್ರೈಸ್ತ ಶಾಲೆಗಳೂ ಒಂದೇ ಬಗೆಯವಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಇವ್ಯಾಂಜೆಲಿಕಲ್ ಪಂಥದ ಕೆಲವು ಶಾಲೆಗಳು ತಂದೆತಾಯಿಗಳಲ್ಲಿ ಒಬ್ಬರಾದರೂ ಕ್ರೈಸ್ತರಾಗಿರಬೇಕೆಂದು ನಿಯಮ ಇಟ್ಟುಕೊಂಡು, ಚರ್ಚಿನ ಪಾದ್ರಿಯಿಂದ ಪತ್ರ ಕೇಳುತ್ತವೆ. ಅಂಥಲ್ಲಿ ಅರ್ಜಿ ಹಾಕಿ ನಿರಾಶರಾಗುವುದಕ್ಕಿಂತ ಫೋನಿನಲ್ಲಿ ವಿಚಾರಿಸುವುದು ಒಳ್ಳೆಯದು. ಇನ್ನು ಕೆಲವು ಯಾವ ಧರ್ಮದವರನ್ನಾದರೂ ಸೇರಿಸಿಕೊಳ್ಳುತ್ತವೆ, ಆದರೆ ಶಾಲೆಯ ನಂಬಿಕೆಯ ಹೇಳಿಕೆಯನ್ನು ಓದಿ, ಮಗುವಿಗೆ ಅದನ್ನು ಕಲಿಸಲು ಒಪ್ಪಿದ್ದೇವೆ ಎಂದು ಸಹಿ ಮಾಡಿಸಿಕೊಳ್ಳುತ್ತವೆ. ಕ್ಯಾಥೊಲಿಕ್ ಶಾಲೆಗಳಲ್ಲಿ ಆ ಚರ್ಚಿನ ಸದಸ್ಯರಿಗೆ ಒಂದು ಶುಲ್ಕ, ಹೊರಗಿನವರಿಗೆ ಇನ್ನೊಂದು ಎಂಬ ಪದ್ಧತಿ ಸಾಮಾನ್ಯ; ಅಮೆರಿಕದ ಕ್ಯಾಥೊಲಿಕ್ ಶಾಲೆಗಳ ಮಕ್ಕಳಲ್ಲಿ ಸುಮಾರು ಐದರಲ್ಲೊಂದು ಪಾಲು ಕ್ಯಾಥೊಲಿಕರಲ್ಲದವರು. ಆಂಗ್ಲಿಕನ್ ಪರಂಪರೆಗೆ ಸೇರಿದ ಎಪಿಸ್ಕೋಪಲ್ ಶಾಲೆಗಳು ಸಾಮಾನ್ಯವಾಗಿ ಇನ್ನಷ್ಟು ಉದಾರ. ಶಾಲೆಯ ಹೆಸರಿನಲ್ಲಿ ‘ಕ್ರಿಶ್ಚಿಯನ್’ ಎಂದಷ್ಟೇ ಇದ್ದರೆ ಅದು ಯಾವ ಬಗೆಯದು ಎಂದು ಕೇಳಿ ತಿಳಿಯದೆ ಮುಂದುವರಿಯಬೇಡಿ.

ದಿನಚರಿಯನ್ನು ಹೇಳುತ್ತೇನೆ. ನಮ್ಮ ಮಗಳ ಶಾಲೆಯಲ್ಲಿ ಬೆಳಗ್ಗೆ ಮಕ್ಕಳು ಎದೆಯ ಮೇಲೆ ಕೈಯಿಟ್ಟು ಮೊದಲು ದೇಶದ ಬಾವುಟಕ್ಕೆ, ಆಮೇಲೆ ಟೆಕ್ಸಾಸ್ ರಾಜ್ಯದ ಬಾವುಟಕ್ಕೆ, ಬಳಿಕ ನೀಲಿ ಚೌಕದಲ್ಲಿ ಕೆಂಪು ಶಿಲುಬೆಯಿರುವ ಬಿಳಿಯ ಕ್ರೈಸ್ತ ಬಾವುಟಕ್ಕೆ, ಕೊನೆಗೆ ಬೈಬಲ್‌ಗೆ ಪ್ರತಿಜ್ಞೆ ಹೇಳುತ್ತಾರೆ. ವಾರಕ್ಕೊಂದು ಬೈಬಲ್ ವಚನವನ್ನು ಬಾಯಿಪಾಠ ಮಾಡಿ ಶುಕ್ರವಾರ ಒಪ್ಪಿಸಬೇಕು. ಬುಧವಾರ ಚಾಪೆಲ್, ಅಂದರೆ ಇಡೀ ಶಾಲೆ ಸೇರುವ ಪ್ರಾರ್ಥನಾ ಸಭೆ. ಗಿಟಾರು, ಡ್ರಮ್ಮುಗಳೊಂದಿಗೆ ದೊಡ್ಡ ತರಗತಿಯ ಮಕ್ಕಳೇ ಹಾಡು ಕಟ್ಟಿ ನಡೆಸುತ್ತಾರೆ, ಯಾರಾದರೂ ಪಾದ್ರಿ ಬಂದು ಮಾತನಾಡುತ್ತಾರೆ. ಕ್ಯಾಥೊಲಿಕ್ ಶಾಲೆಯಾದರೆ ಆ ಜಾಗದಲ್ಲಿ ಬಲಿಪೂಜೆ ಇರುತ್ತದೆ. ಪ್ರಸಾದದ ಹೊತ್ತಿಗೆ ಕ್ಯಾಥೊಲಿಕರಲ್ಲದ ಮಕ್ಕಳು ಕೈಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಹೋದರೆ ಗುರುಗಳು ಆಶೀರ್ವಾದವನ್ನಷ್ಟೇ ಕೊಡುತ್ತಾರೆ.

ಈ ವಾತಾವರಣದಲ್ಲಿ ಮಗುವಿಗೆ ಪ್ರಶ್ನೆಗಳು ಏಳದೆ ಇರುವುದಿಲ್ಲ. ಮೂರನೆಯ ತರಗತಿಯಲ್ಲಿದ್ದಾಗ ಮಗಳು ರಾತ್ರಿ ಊಟಕ್ಕೆ ಕುಳಿತವಳು ತಟ್ಟೆಯನ್ನು ಮುಟ್ಟದೆ, ಯೇಸುವನ್ನು ನಂಬದ ಅಜ್ಜಿ ಸತ್ತ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದಳು. ಯಾರೂ ಅವಳನ್ನು ಹೆದರಿಸಿರಲಿಲ್ಲ. ಪಾಠದಲ್ಲಿ ಕೇಳಿದ್ದನ್ನು ತನ್ನ ಮನೆಗೆ ಅನ್ವಯಿಸಿಕೊಂಡಿದ್ದಳು, ಅಷ್ಟೇ. ನಮ್ಮ ಯಜಮಾನರೂ ನಾನೂ ಮಾರನೆಯ ದಿನವೇ ಶಿಕ್ಷಕಿಯನ್ನು ಕಂಡು ನಡೆದದ್ದನ್ನು ಹೇಳಿದೆವು. ಆಕೆ ತಮ್ಮ ನಂಬಿಕೆಯನ್ನು ಮರೆಮಾಚಲಿಲ್ಲ. ಆದರೆ ಎಂಟು ವರ್ಷದ ಮಗು ತನ್ನ ಅಜ್ಜಿಯ ಬಗ್ಗೆ ಭಯಪಡುವುದು ತಮಗೂ ಬೇಡವೆಂದು ಹೇಳಿ, ಅಂಥ ಪ್ರಶ್ನೆ ಬಂದರೆ ತಂದೆತಾಯಿಯನ್ನು ಕೇಳೆಂದು ಮನೆಗೆ ಕಳುಹಿಸುವುದಾಗಿ ಒಪ್ಪಿಕೊಂಡರು. ಮನೆಯಲ್ಲಿ ನಾವು ಮಗಳಿಗೆ ಹೇಳಿದ್ದು ಇಷ್ಟು: ಶಾಲೆಯಲ್ಲಿ ಅವರು ನಂಬುವುದನ್ನು ಶ್ರದ್ಧೆಯಿಂದ ಕಲಿ, ಪರೀಕ್ಷೆಯಲ್ಲಿ ಕಲಿತದ್ದನ್ನು ಬರೆ, ಯಾರ ಪ್ರಾರ್ಥನೆಯನ್ನೂ ಹಗುರವಾಗಿ ಕಾಣಬೇಡ, ನಮ್ಮ ಮನೆಯ ದೇವರು, ನಮ್ಮ ಅಜ್ಜಿ ನಂಬಿದ್ದು ನಮ್ಮದು, ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಈ ಮಾತನ್ನು ಆಗಾಗ ಹೊಸದಾಗಿ ಆಡಬೇಕಾಗುತ್ತದೆ. ಅದಕ್ಕೆ ಸಮಯವೂ ತಾಳ್ಮೆಯೂ ಇಲ್ಲದ ಮನೆಯವರು ಸರ್ಕಾರಿ ಶಾಲೆಯನ್ನೇ ಆರಿಸಿಕೊಳ್ಳುವುದು ಮಗುವಿನ ದೃಷ್ಟಿಯಿಂದ ಒಳಿತೆಂದು ನಾನು ದೃಢವಾಗಿ ನಂಬಿದ್ದೇನೆ.

ವರ್ಷದ ಓಟ ಮಾತ್ರ ಬಹಳ ಸೊಗಸಾಗಿರುತ್ತದೆ. ಸೆಪ್ಟೆಂಬರಿನ ನಾಲ್ಕನೆಯ ಬುಧವಾರ ಬೆಳಗ್ಗೆ ಮಕ್ಕಳು ಧ್ವಜಸ್ತಂಭದ ಸುತ್ತ ಕೈಹಿಡಿದು ನಿಂತು ಪ್ರಾರ್ಥಿಸುತ್ತಾರೆ. ಈಗ ಸರ್ಕಾರಿ ಶಾಲೆಗಳ ಅಂಗಳದಲ್ಲೂ ಕಾಣುವ ಈ ರೂಢಿ 1990ರಲ್ಲಿ ಫೋರ್ಟ್ ವರ್ತ್ ಪಕ್ಕದ ಬರ್ಲೆಸನ್ ಊರಿನ ಹದಿಹರೆಯದವರಿಂದ ಆರಂಭವಾಯಿತು. ಅದರ ಆಸುಪಾಸಿನಲ್ಲೇ ಹಳೆಯ ವಿದ್ಯಾರ್ಥಿಗಳನ್ನು ಸ್ವಾಗತಿಸುವ ಹೋಮ್‌ಕಮಿಂಗ್ ಹಬ್ಬ ಬರುತ್ತದೆ. ಹೆಣ್ಣುಮಕ್ಕಳು ರಿಬ್ಬನ್ನು, ಗೆಜ್ಜೆ, ಪುಟ್ಟ ಗೊಂಬೆಗಳನ್ನು ಇಳಿಬಿಟ್ಟ ದೊಡ್ಡ ಸೇವಂತಿಗೆ ‘ಮಮ್’ ಧರಿಸುವ ಟೆಕ್ಸಾಸಿನ ಸಂಪ್ರದಾಯವನ್ನು ನೋಡಿ ನಮ್ಮ ಅತ್ತೆಯವರು, ಸೇವಂತಿಗೆಗೆ ಇಲ್ಲಿಯೂ ಇಷ್ಟು ಮರ್ಯಾದೆಯಿದೆಯಲ್ಲ ಎಂದು ಸಂತೋಷಪಟ್ಟರು. ನವೆಂಬರಿನಲ್ಲಿ ಶೂ ಡಬ್ಬಿಗಳಲ್ಲಿ ಆಟಿಕೆ, ಪೆನ್ಸಿಲು, ಸೋಪು ತುಂಬಿ ಬಡದೇಶಗಳ ಮಕ್ಕಳಿಗೆ ಕಳುಹಿಸುವ ಕೆಲಸ ನಡೆಯುತ್ತದೆ. ಡಬ್ಬಿಯೊಂದಿಗೆ ಧರ್ಮಪ್ರಚಾರದ ಪುಸ್ತಿಕೆಯೂ ತಲುಪುವುದರಿಂದ ನಮಗೆ ಅದು ಒಗ್ಗಲಿಲ್ಲ. ಅದನ್ನು ಶಿಕ್ಷಕಿಗೆ ನೇರವಾಗಿ ತಿಳಿಸಿ, ಅಷ್ಟೇ ಬೆಲೆಯ ದವಸಧಾನ್ಯವನ್ನು ಮಗಳ ಕೈಯಿಂದಲೇ ನಾರ್ತ್ ಟೆಕ್ಸಾಸ್ ಫುಡ್ ಬ್ಯಾಂಕಿಗೆ ಕೊಡಿಸುತ್ತೇವೆ. ಮುಚ್ಚಿಡದೆ ಹೇಳಿದ್ದರಿಂದ ಯಾರೂ ಬೇಸರಿಸಿಕೊಂಡಿಲ್ಲ.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮುಂಚೆ ಅಜ್ಜ-ಅಜ್ಜಿಯರ ದಿನವನ್ನು ಆಚರಿಸುತ್ತಾರೆ. ಆಗ ಅತ್ತೆಯವರು ಶಿವಮೊಗ್ಗದಿಂದ ಬಂದಿದ್ದರು. ಇಳಕಲ್ ಸೀರೆಯುಟ್ಟು, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕುಳಿತ ಅವರನ್ನು ಶಿಕ್ಷಕಿ, ನಿಮ್ಮ ಕಾಲದ ಶಾಲೆ ಹೇಗಿತ್ತು ಎಂದು ಕೇಳಿದರು. ಸ್ಲೇಟು, ಬಳಪ, ಮಳೆಗಾಲದಲ್ಲಿ ಸೋರುವ ಹೆಂಚಿನ ಕೆಳಗೆ ಸಾಲು ಬದಲಿಸುತ್ತ ಕುಳಿತು ಮಗ್ಗಿ ಹೇಳಿದ್ದು, ಎಲ್ಲವನ್ನೂ ಅವರು ಕನ್ನಡದಲ್ಲಿ ನಿಧಾನವಾಗಿ ಹೇಳುತ್ತ ಹೋದರು, ಮಗಳು ಸಾಲುಸಾಲಾಗಿ ಇಂಗ್ಲಿಷಿಗೆ ತಿರುಗಿಸಿದಳು. ತರಗತಿಯ ಮಕ್ಕಳೆಲ್ಲ ಒಂದು ಮಗ್ಗಿಯನ್ನು ಕನ್ನಡದಲ್ಲಿ ಹೇಳಿ ಎಂದು ಹಟ ಹಿಡಿದಾಗ ಅತ್ತೆಯವರು ಎರಡರ ಮಗ್ಗಿಯನ್ನು ರಾಗವಾಗಿ ಹೇಳಿದರು. ಭಾನುವಾರದ ಕನ್ನಡ ತರಗತಿಗೆ ಹೊರಡಲು ಗೊಣಗುತ್ತಿದ್ದ ಮಗಳು ಅಲ್ಲಿಂದ ಮುಂದೆ ಗೊಣಗುವುದನ್ನು ಬಹಳ ಕಡಿಮೆ ಮಾಡಿದ್ದಾಳೆ.

ಶಾಲೆಯ ಸುದ್ದಿಪತ್ರವನ್ನು ಗಮನವಿಟ್ಟು ಓದಿ ಎಂದು ಎಲ್ಲರಿಗೂ ಹೇಳುತ್ತೇನೆ. ಮುಂದಿನ ವಾರದ ಪರೀಕ್ಷೆ, ವಿಜ್ಞಾನ ಮೇಳದ ಫಲಿತಾಂಶಗಳ ಜೊತೆಯಲ್ಲೇ ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ತಂದೆ ತೀರಿಕೊಂಡರು, ಯಾರ ಕೆಲಸ ಹೋಯಿತು, ಯಾರಿಗಾಗಿ ಪ್ರಾರ್ಥಿಸಬೇಕು ಎಂಬುದೂ ಅದರಲ್ಲಿರುತ್ತದೆ. ನನಗೆ ಶಸ್ತ್ರಚಿಕಿತ್ಸೆಯಾದಾಗ ನಮ್ಮ ಹೆಸರೂ ಅದರಲ್ಲಿ ಬಂತು, ಸರದಿಯ ಮೇಲೆ ಮನೆಮನೆಯಿಂದ ಊಟ ಬರತೊಡಗಿತು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಆಗದು ಎಂದು ಬರೆದಿದ್ದೆವು. ತಾಯಿಯೊಬ್ಬರು ಅಂಗಡಿಯಲ್ಲಿ ನಿಂತೇ ಫೋನು ಮಾಡಿ, ಈ ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇದೆಯಂತೆ, ನಿಮಗೆ ಆಗುತ್ತದೆಯೇ ಎಂದು ಕೇಳಿದರು. ಬಂಧುಬಳಗವಿಲ್ಲದ ನಾಡಿನಲ್ಲಿ ಆ ಕಾಳಜಿ ಎಂಥದೆಂದು ಇಲ್ಲಿರುವ ನಿಮಗೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಅವರ ಸರದಿ ಬಂದಾಗ ನಾವೂ ಬಿಸಿಬೇಳೆ ಬಾತು, ಮೊಸರನ್ನ ಒಯ್ಯುತ್ತೇವೆ. ಮಕ್ಕಳನ್ನು ಬಾಗಿಲಲ್ಲಿ ಇಳಿಸಿ, ಶುಲ್ಕ ಕಟ್ಟಿ, ಇಂಥ ಯಾವುದಕ್ಕೂ ಸೇರದೆ ದೂರವುಳಿಯುವ ಕೆಲವು ಭಾರತೀಯ ಕುಟುಂಬಗಳನ್ನು ಕಂಡಾಗ ನನಗೆ ನೋವಾಗುತ್ತದೆ, ಏಕೆಂದರೆ ಒಂಟಿತನವನ್ನು ಅನುಭವಿಸುವುದು ಅವರ ಮಕ್ಕಳು.

ಶಾಲೆ ಚಿಕ್ಕದಾಗಿರುವುದರಿಂದ ಆಟದಲ್ಲಿ ಲಾಭವಿದೆ. ಆ್ಯಲನ್ ಊರಿನ ಸರ್ಕಾರಿ ಹೈಸ್ಕೂಲಿಗೆ 2012ರಲ್ಲಿ 6 ಕೋಟಿ ಡಾಲರ್ ವೆಚ್ಚದಲ್ಲಿ 18 ಸಾವಿರ ಆಸನಗಳ ಕ್ರೀಡಾಂಗಣವೇ ಬಂತು. ಅಲ್ಲಿ ತಂಡಕ್ಕೆ ಆಯ್ಕೆಯಾಗುವುದು ಸುಲಭದ ಮಾತಲ್ಲ. ಸಣ್ಣ ಖಾಸಗಿ ಶಾಲೆಗಳು 80 ಗಜದ ಮೈದಾನದಲ್ಲಿ ಆರಾರು ಮಂದಿಯ ಅಮೆರಿಕನ್ ಫುಟ್‌ಬಾಲ್ ಆಡುತ್ತವೆ, ಆಸಕ್ತಿಯಿರುವ ಪ್ರತಿ ಮಗುವಿಗೂ ಅವಕಾಶ ಸಿಗುತ್ತದೆ. ಆದರೆ ಅದೇ ಚಿಕ್ಕತನ ಕಾಲೇಜಿನ ಹೊತ್ತಿಗೆ ಎದುರಾಗಬಹುದು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ 2026ರ ಪ್ರವೇಶದಿಂದ ರಾಜ್ಯದ ಪ್ರತಿ ಹೈಸ್ಕೂಲಿನ ಮೊದಲ ಶೇ. 5ರಷ್ಟು ವಿದ್ಯಾರ್ಥಿಗಳಿಗೆ ಮಾತ್ರ ನೇರ ಪ್ರವೇಶ ಕೊಡುತ್ತದೆ. 40 ಮಕ್ಕಳ ತರಗತಿಯಲ್ಲಿ ಅದು ಇಬ್ಬರು. ರ‍್ಯಾಂಕ್ ಕೊಡುವ ಪದ್ಧತಿಯೇ ಇಲ್ಲದ ಶಾಲೆಗಳೂ ಇವೆ, ಇದನ್ನು ಕೇಳಿ ತಿಳಿಯಿರಿ. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಗುವಾದರೆ ಇನ್ನೂ ಎಚ್ಚರ ಬೇಕು: ಸರ್ಕಾರಿ ಶಾಲೆಗೆ ಕಾನೂನು ವಿಧಿಸಿರುವ ವಿಶೇಷ ಶಿಕ್ಷಣದ ಹೊಣೆ ಖಾಸಗಿ ಶಾಲೆಗೆ ಅದೇ ರೀತಿಯಲ್ಲಿ ಇಲ್ಲ.

ಹಣದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2025ರ ಮೇ ತಿಂಗಳಲ್ಲಿ ಗವರ್ನರ್ ಸಹಿ ಹಾಕಿದ ಕಾನೂನಿನಂತೆ 2026–27ರ ಸಾಲಿನಿಂದ ಖಾಸಗಿ ಶಾಲೆಯ ಮಕ್ಕಳಿಗೆ ಸುಮಾರು 10 ಸಾವಿರ ಡಾಲರ್‌ಗಳ ರಾಜ್ಯದ ನೆರವು ಸಿಗುವ ಯೋಜನೆಯಿದೆ. ಆದರೆ ಅರ್ಜಿಗಳು ಹೆಚ್ಚಿದಾಗ ಅಂಗವೈಕಲ್ಯವಿರುವ ಮಕ್ಕಳಿಗೂ ಕಡಿಮೆ ಆದಾಯದ ಕುಟುಂಬಗಳಿಗೂ ಆದ್ಯತೆಯಿರುವುದರಿಂದ, ಅದನ್ನು ನಂಬಿ ಲೆಕ್ಕ ಹಾಕಬೇಡಿ. ಮಕ್ಕಳ ಓದಿಗೆಂದು ತೆರಿಗೆ ರಿಯಾಯಿತಿಯೊಂದಿಗೆ ಹಣ ಉಳಿಸುವ 529 ಖಾತೆಯಿಂದ ಶಾಲಾ ಶುಲ್ಕಕ್ಕೆ ತೆರಿಗೆಯಿಲ್ಲದೆ ತೆಗೆಯಬಹುದಾದ ವಾರ್ಷಿಕ ಮಿತಿ 2026ರಿಂದ 10 ಸಾವಿರದಿಂದ 20 ಸಾವಿರ ಡಾಲರ್‌ಗೆ ಏರಿದೆ.

ಪ್ರಶ್ನೆ ಕೇಳಿದ ಸದಸ್ಯರು ಶಾಲೆಯನ್ನು ನೋಡಲು ಹೋಗುವುದಾದರೆ ಚಾಪೆಲ್ ಇರುವ ದಿನವನ್ನೇ ಕೇಳಿ ಗೊತ್ತುಮಾಡಿಕೊಳ್ಳಲಿ, ಕೊನೆಯ ಸಾಲಿನಲ್ಲಿ ಪೂರ್ತಿ ಕುಳಿತು ಕೇಳಲಿ, ಹಿಂದಿನ ಎರಡು ಮೂರು ಸುದ್ದಿಪತ್ರಗಳನ್ನು ಓದಲು ಪಡೆಯಲಿ. ಸಭೆಯಲ್ಲಿ ಮಕ್ಕಳನ್ನು ಮುಂದೆ ಕರೆದು ಯೇಸುವನ್ನು ಸ್ವೀಕರಿಸುವಂತೆ ಹೇಳುವ ಪದ್ಧತಿ ಇದೆಯೇ, ಇದ್ದರೆ ತಂದೆತಾಯಿಗೆ ಮೊದಲೇ ತಿಳಿಸುತ್ತಾರೆಯೇ, ಯುಗಾದಿ ಮತ್ತು ದೀಪಾವಳಿಗೆ ರಜೆ ಹಾಕಿದರೆ ಹಾಜರಾತಿಗೆ ತೊಂದರೆಯಿದೆಯೇ ಎಂಬುದನ್ನು ಪ್ರಾಂಶುಪಾಲರ ಮುಂದೆ ಸಂಕೋಚವಿಲ್ಲದೆ ಕೇಳಲಿ. ಮಗುವನ್ನು ಒಂದು ದಿನ ತರಗತಿಯಲ್ಲಿ ಕೂರಿಸಿ ನೋಡುವ ಅವಕಾಶವನ್ನೂ ಅನೇಕ ಶಾಲೆಗಳು ಕೊಡುತ್ತವೆ. ನಮ್ಮ ಮಗಳ ಶಾಲೆಯನ್ನೇ ನೋಡಬೇಕೆಂದಿದ್ದರೆ ನನಗೆ ಖಾಸಗಿಯಾಗಿ ಸಂದೇಶ ಕಳುಹಿಸಿ, ಕಚೇರಿಯಲ್ಲಿ ಮಾತನಾಡಿ ದಿನ ಗೊತ್ತುಮಾಡಿ ನಾನೇ ಕರೆದುಕೊಂಡು ಹೋಗುತ್ತೇನೆ.